ಹೋಮೋಸಿಸ್ಟೀನ್ 31 ಬಂದಿದೆ, ಕೊಲೆಸ್ಟ್ರಾಲ್ ಮಾತ್ರೆ ಬಿಡಬಹುದಾ?

ಪ್ರಶ್ನೆ: ನನಗೆ 46 ವರ್ಷ. ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿದ್ದೇನೆ. ಹುಟ್ಟಿದಾಗಿನಿಂದ ಸಸ್ಯಾಹಾರಿ, ಮೊಟ್ಟೆಯೂ ಇಲ್ಲ. ಐದು ವರ್ಷದಿಂದ ಶುಗರ್ ಇದೆ, ಮೆಟ್‌ಫಾರ್ಮಿನ್ ತಗೊಳ್ಳುತ್ತಿದ್ದೇನೆ. ಅಪ್ಪನಿಗೆ 52ರಲ್ಲೇ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದ್ದರು. ಹೋದ ತಿಂಗಳು ನಮ್ಮ ಬಡಾವಣೆಯಲ್ಲಿ ನಡೆದ ಕ್ಯಾಂಪಿನಲ್ಲಿ ರಕ್ತ ಕೊಟ್ಟೆ. ರಕ್ತದಲ್ಲಿರುವ ಹೋಮೋಸಿಸ್ಟೀನ್ ಅನ್ನುವ ವಸ್ತು 31 ಅಂತ ಕೆಂಪು ಅಕ್ಷರದಲ್ಲಿ ಬಂದಿದೆ. ಬಿ12 148, ಎಲ್‌ಡಿಎಲ್ ಅನ್ನುವ ಕೆಟ್ಟ ಕೊಲೆಸ್ಟ್ರಾಲ್ 156. ನಮ್ಮ ಡಾಕ್ಟರು ಕೊಲೆಸ್ಟ್ರಾಲ್ ಇಳಿಸುವ ಅಟೊರ್ವಾಸ್ಟಾಟಿನ್ 20 ಬರೆದುಕೊಟ್ಟರು. ಅಷ್ಟರಲ್ಲಿ ಸ್ನೇಹಿತರೊಬ್ಬರು ಒಂದು ವಿಡಿಯೋ ಕಳಿಸಿದರು. ಮೆಕ್‌ಕಲಿ ಎಂಬ ಹಾರ್ವರ್ಡ್ ವೈದ್ಯರು ರಕ್ತನಾಳದ ಕಾಯಿಲೆಗೆ ಕಾರಣ ಕೊಲೆಸ್ಟ್ರಾಲ್ ಅಲ್ಲ, ಹೋಮೋಸಿಸ್ಟೀನ್ ಅಂತ 1969ರಲ್ಲೇ ತೋರಿಸಿದ್ದರಂತೆ. ಅದಕ್ಕೇ ಅವರನ್ನು ಕೆಲಸದಿಂದ ಓಡಿಸಿದರಂತೆ. ಬಿ ವಿಟಮಿನ್ ಮಾತ್ರೆ ಸಾಕಂತೆ. ಅದನ್ನು ನೋಡಿದ ಮೇಲೆ ಅಟೊರ್ವಾಸ್ಟಾಟಿನ್ ಗಲ್ಲಾಪೆಟ್ಟಿಗೆಯಲ್ಲೇ ಉಳಿದಿದೆ. ಇದೆಲ್ಲ ನಿಜಾನಾ? ಬರೀ ವಿಟಮಿನ್ ಸಾಕಾ? 14 ವರ್ಷದ ಮಗಳಿಗೂ ಈ ಪರೀಕ್ಷೆ ಮಾಡಿಸಬೇಕಾ?

ಉತ್ತರ: ಮೊದಲು ಗಲ್ಲಾಪೆಟ್ಟಿಗೆ ತೆಗೆದು ಆ ಮಾತ್ರೆ ಶುರು ಮಾಡಿ. ಬಿ12ಗೂ ಚಿಕಿತ್ಸೆ ಬೇಕು. ಒಂದಿದ್ದರೆ ಇನ್ನೊಂದು ಬೇಡ ಅನ್ನುವ ಲೆಕ್ಕ ಇಲ್ಲಿಲ್ಲ. ಯಾಕೆ ಅಂತ ಹೇಳುತ್ತೇನೆ. ಅದಕ್ಕೆ ನಿಮ್ಮ ವಿಡಿಯೋದಲ್ಲಿ ಬಂದ ಆ ವೈದ್ಯರ ಕಥೆಯಿಂದಲೇ ಶುರು ಮಾಡಬೇಕು. ಆ ಕಥೆ ಬಹುಪಾಲು ನಿಜ. ಅದರಿಂದ ನಿಮ್ಮ ಸ್ನೇಹಿತರು ತೆಗೆದ ತೀರ್ಮಾನ ಮಾತ್ರ ತಪ್ಪು.

ಕಿಲ್ಮರ್ ಮೆಕ್‌ಕಲಿ ಪ್ಯಾಥಾಲಜಿಸ್ಟ್. ಅಂದರೆ ರೋಗಿಯ ನಾಡಿ ಹಿಡಿಯುವವರಲ್ಲ, ಸೂಕ್ಷ್ಮದರ್ಶಕದ ಕೆಳಗೆ ಅಂಗಾಂಶ ಇಟ್ಟು ನೋಡುವವರು. ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿದ್ದರು, ಹಾರ್ವರ್ಡಿನಲ್ಲಿ ಪಾಠ ಮಾಡುತ್ತಿದ್ದರು. 1968ರಲ್ಲಿ ವಂಶವಾಹಿ ಕಾಯಿಲೆಗಳ ಬಗ್ಗೆ ನಡೆದ ಒಂದು ಸಭೆಯಲ್ಲಿ ಒಂಬತ್ತು ವರ್ಷದ ಹುಡುಗಿಯೊಬ್ಬಳ ವಿಷಯ ಅವರ ಕಿವಿಗೆ ಬಿತ್ತು. ಅವಳಿಗೆ ಹೋಮೋಸಿಸ್ಟಿನ್ಯೂರಿಯಾ ಇತ್ತು. ಆಗಿನ್ನೂ ಅದು ಹೊಸ ಕಾಯಿಲೆ, ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟಿನಲ್ಲಿ 1962ರಲ್ಲಷ್ಟೇ ಗುರುತಿಸಿದ್ದರು. ದೇಹದಲ್ಲಿ ಒಂದು ಕಿಣ್ವ ಕೆಲಸ ಮಾಡದೆ ಹೋಮೋಸಿಸ್ಟೀನ್ ವಿಪರೀತ ಏರುತ್ತದೆ. ಕಣ್ಣಿನ ಮಸೂರ ಜಾರುತ್ತದೆ, ಎಳೆ ವಯಸ್ಸಿನಲ್ಲೇ ರಕ್ತ ಹೆಪ್ಪುಗಟ್ಟುತ್ತದೆ. ಆ ಹುಡುಗಿಯ ಮನೆಯವರು ಮಾತಿಗೆ ಮಾತು ಬಂದಾಗ ಹೇಳಿದ್ದಿಷ್ಟು: ಇವಳ ಮಾವನೂ ಚಿಕ್ಕ ಹುಡುಗನಾಗಿದ್ದಾಗಲೇ, ಇದೇ ಆಸ್ಪತ್ರೆಯಲ್ಲಿ ಹೀಗೇ ಏನೋ ಆಗಿ ತೀರಿಕೊಂಡಿದ್ದ.

ಆ ಹುಡುಗ ಸತ್ತಿದ್ದು 1933ರಲ್ಲಿ. ಮೆಕ್‌ಕಲಿ ಹುಟ್ಟಿದ್ದೂ ಅದೇ ವರ್ಷ. ಎಂಟು ವರ್ಷದ ಮಗುವಿಗೆ ಲಕ್ವ ಹೊಡೆದಿತ್ತು. ಕತ್ತಿನ ರಕ್ತನಾಳ ಮುದುಕರದ್ದರ ಹಾಗೆ ದಪ್ಪಗಾಗಿ ಗಟ್ಟಿಯಾಗಿತ್ತು. ಯಾಕೆ ಅಂತ ಆಗ ಯಾರಿಗೂ ಹೊಳೆದಿರಲಿಲ್ಲ. ಮರಣೋತ್ತರ ಪರೀಕ್ಷೆಯಲ್ಲಿ ತೆಗೆದ ಅಂಗಾಂಶವನ್ನು ಮೇಣದಲ್ಲಿ ಕೂರಿಸಿ ಇಡುವುದು ನಮ್ಮ ಕಡೆಯೂ ಇರುವ ಪದ್ಧತಿಯೇ. ಸೋಪಿನ ಚೂರಿನಷ್ಟು ದೊಡ್ಡ ತುಂಡುಗಳು, ಮೇಲೆ ನಂಬರು. ಮೂವತ್ತೈದು ವರ್ಷ ಹಳೆಯ ಆ ತುಂಡುಗಳನ್ನು ಮೆಕ್‌ಕಲಿ ಹುಡುಕಿಸಿ ತರಿಸಿದರು. ಎಲೆಯ ಹಾಗೆ ತೆಳ್ಳಗೆ ಕೊಯ್ದು, ಬಣ್ಣ ಹಾಕಿ ನೋಡಿದರು. ರಕ್ತನಾಳದ ಗೋಡೆ ನಾರುನಾರಾಗಿ ದಪ್ಪಗಾಗಿತ್ತು. ಆದರೆ ವಯಸ್ಸಾದವರ ಬ್ಲಾಕಿನಲ್ಲಿ ಕಾಣುವ ಕೊಬ್ಬು ಅಲ್ಲಿರಲಿಲ್ಲ.

ಇಷ್ಟಕ್ಕೇ ನಿಂತಿದ್ದರೆ ಅದೊಂದು ವಿಚಿತ್ರ ಕೇಸು ಅಷ್ಟೇ. ಅವರ ನಿಜವಾದ ಜಾಣ್ಮೆ ಎರಡನೇ ಮಗುವಿನ ವಿಷಯದಲ್ಲಿ ಕಾಣುತ್ತದೆ. ಎರಡು ತಿಂಗಳ ಕೂಸು. ಅದರಲ್ಲೂ ಹೋಮೋಸಿಸ್ಟೀನ್ ಜಾಸ್ತಿ, ಆದರೆ ಕೆಟ್ಟಿದ್ದ ಕಿಣ್ವ ಬೇರೆ. ಮೊದಲ ಕಾಯಿಲೆಯಲ್ಲಿ ಹೋಮೋಸಿಸ್ಟೀನ್ ಜೊತೆ ಮೆಥಿಯೊನೀನ್ ಎಂಬ ಇನ್ನೊಂದು ವಸ್ತುವೂ ಏರುತ್ತದೆ. ಹಾಗಾಗಿ ರಕ್ತನಾಳ ಹಾಳು ಮಾಡಿದ್ದು ಯಾವುದು ಅಂತ ಹೇಳಲು ಬರುವುದಿಲ್ಲ. ಈ ಕೂಸಿನಲ್ಲಿ ಮೆಥಿಯೊನೀನ್ ಇಳಿದಿತ್ತು, ಹೋಮೋಸಿಸ್ಟೀನ್ ಮಾತ್ರ ಏರಿತ್ತು. ರಕ್ತನಾಳ ನೋಡಿದರೆ ಅದೇ ಥರದ ಹಾನಿ! ಇಬ್ಬರಲ್ಲೂ ಸಮಾನವಾಗಿದ್ದದ್ದು ಒಂದೇ. 1969ರಲ್ಲಿ ಇದನ್ನು ಪ್ರಕಟಿಸಿದಾಗ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಮಕ್ಕಳಲ್ಲಿ ವಿಪರೀತ ಏರಿದರೆ ಹೀಗಾಗುವುದಾದರೆ, ದೊಡ್ಡವರಲ್ಲಿ ಸ್ವಲ್ಪವೇ ಏರಿ ಹಲವು ವರ್ಷ ಹಾಗೇ ಇದ್ದರೂ ಇದೇ ಆಗಬಹುದಲ್ವಾ ಅಂತ ಕೇಳಿದರು. ಪ್ರಶ್ನೆ ಒಳ್ಳೆಯದೇ. ಉತ್ತರಕ್ಕೆ ಮುಂದೆ ನಲವತ್ತು ವರ್ಷ ಹಿಡಿಯಿತು.

ಆ ಕಾಲಕ್ಕೆ ಕೊಲೆಸ್ಟ್ರಾಲ್ ವಾದ ಬಲವಾಗಿ ಬೇರು ಬಿಟ್ಟಿತ್ತು. ಮೆಕ್‌ಕಲಿಗೆ ಸಂಶೋಧನೆಯ ಹಣ ಸಿಗುವುದು ಕಷ್ಟವಾಯಿತು. ಅವರ ಲ್ಯಾಬನ್ನು ನೆಲಮಾಳಿಗೆಗೆ ಹಾಕಿದರು. ನಿಮ್ಮ ವಾದ ರುಜುವಾಗಿಲ್ಲ ಅಂತ ಹೇಳಿ 1979ರಲ್ಲಿ ಅಲ್ಲಿಂದ ಕಳಿಸಿದರು. ಮತ್ತೊಂದು ಕೆಲಸ ಸಿಗುವಷ್ಟರಲ್ಲಿ ಸುಮಾರು ಎರಡು ವರ್ಷ ಕಳೆಯಿತು. ಕೊನೆಗೆ ರೋಡ್ ಐಲೆಂಡಿನ ಪ್ರಾವಿಡೆನ್ಸಿನಲ್ಲಿ, ಮಾಜಿ ಸೈನಿಕರ ಆಸ್ಪತ್ರೆ ಸೇರಿದರು. ವಿಡಿಯೋದಲ್ಲಿ ಹೇಳಿದ 'ಓಡಿಸಿದರು' ಅನ್ನುವ ಮಾತು ತೀರಾ ಸುಳ್ಳಲ್ಲ, ನೋಡಿ.

1990ರ ದಶಕದಲ್ಲಿ ಗಾಳಿ ತಿರುಗಿತು. ಅಮೆರಿಕದ ಸುಮಾರು 15,000 ಗಂಡಸು ವೈದ್ಯರನ್ನೇ ವರ್ಷಗಟ್ಟಲೆ ಗಮನಿಸಿದ ಒಂದು ಅಧ್ಯಯನವಿತ್ತು. ಹೋಮೋಸಿಸ್ಟೀನ್ ಅತಿ ಹೆಚ್ಚಿದ್ದ 5% ಮಂದಿಯಲ್ಲಿ ಹಾರ್ಟ್ ಅಟ್ಯಾಕಿನ ಅಪಾಯ ಉಳಿದವರಿಗಿಂತ ಸುಮಾರು ಮೂರು ಪಟ್ಟು ಅಂತ ಅದರಿಂದ 1992ರಲ್ಲಿ ವರದಿ ಬಂತು. ಮೆಕ್‌ಕಲಿ ಹೇಳಿದ್ದೇ ಸರಿ ಅಂತ ಪತ್ರಿಕೆಗಳು ಬರೆದವು.

ಇಲ್ಲಿ ನನ್ನದೂ ಒಂದು ತಪ್ಪೊಪ್ಪಿಗೆ ಇದೆ. 2000ದ ಆಸುಪಾಸಿನಲ್ಲಿ ಸ್ಟೆಂಟ್ ಹಾಕಿಸಿಕೊಂಡು ಬಂದವರಿಗೆಲ್ಲ ನಾನು ಫೋಲಿಕ್ ಆ್ಯಸಿಡ್, ಬಿ6, ಬಿ12 ಸೇರಿದ ಮಾತ್ರೆ ಬರೆದುಕೊಡುತ್ತಿದ್ದೆ. ಅಗ್ಗದ ಮಾತ್ರೆ, ತೊಂದರೆಯೂ ಇಲ್ಲ, ಮೂರು ತಿಂಗಳಲ್ಲಿ ಹೋಮೋಸಿಸ್ಟೀನ್ 22ರಿಂದ 11ಕ್ಕೆ ಇಳಿಯುತ್ತಿತ್ತು. ರಿಪೋರ್ಟ್ ನೋಡಿ ರೋಗಿಗೂ ಖುಷಿ, ನನಗೂ ಖುಷಿ.

ಆಮೇಲೆ ದೊಡ್ಡ ಪ್ರಯೋಗಗಳ ಫಲಿತಾಂಶ ಒಂದರ ಹಿಂದೆ ಒಂದು ಬಂದವು. 2006ರಲ್ಲಿ ನಾರ್ವೆಯಲ್ಲಿ ಆಗಷ್ಟೇ ಹಾರ್ಟ್ ಅಟ್ಯಾಕ್ ಆದ 3,749 ಮಂದಿಯ ಮೇಲೆ ನಡೆದದ್ದು. ಅದೇ ವರ್ಷ 5,522 ಮಂದಿಯ ಮೇಲೆ ನಡೆದ ಇನ್ನೊಂದು. 2010ರಲ್ಲಿ ಬ್ರಿಟನ್ನಿನಲ್ಲಿ 12,064 ಮಂದಿಯದ್ದು. ಎಲ್ಲದರಲ್ಲೂ ವಿಟಮಿನ್ ಕೊಟ್ಟವರ ಹೋಮೋಸಿಸ್ಟೀನ್ ಕಾಲುಭಾಗದಷ್ಟು ಇಳಿಯಿತು. ಹಾರ್ಟ್ ಅಟ್ಯಾಕ್ ಇಳಿಯಲಿಲ್ಲ. ನಾರ್ವೆಯಲ್ಲಿ ಮೂರೂ ವಿಟಮಿನ್ ಒಟ್ಟಿಗೆ ತಗೊಂಡವರಲ್ಲಿ ತೊಂದರೆ ಸ್ವಲ್ಪ ಜಾಸ್ತಿಯೇ ಆದ ಹಾಗೆ ಕಂಡಿತು. ನಾನು ಹಾಗೆ ಬರೆದುಕೊಡುವುದನ್ನು ಆವಾಗಲೇ ನಿಲ್ಲಿಸಿದೆ.

ಇದು ಹೇಗೆ ಸಾಧ್ಯ? ಅಡುಗೆಮನೆ ನೆನೆಸಿಕೊಳ್ಳಿ. ನಾವು ತಿನ್ನುವ ಪ್ರೊಟೀನಿನಲ್ಲಿ ಮೆಥಿಯೊನೀನ್ ಇರುತ್ತದೆ. ದೇಹ ಅದನ್ನು ಬಳಸಿಕೊಂಡ ಮೇಲೆ ಉಳಿಯುವ ಮುಸುರೆ ಪಾತ್ರೆಯೇ ಹೋಮೋಸಿಸ್ಟೀನ್. ಅದನ್ನು ತೊಳೆದು ಮತ್ತೆ ಬಳಕೆಗೆ ತರಲು ಫೋಲೇಟ್, ಬಿ12, ಬಿ6 ಬೇಕು. ಕೆಲಸದವರು ಬರದಿದ್ದರೆ ಪಾತ್ರೆ ರಾಶಿ ಬೀಳುತ್ತದೆ. ಕಿಡ್ನಿ ಸ್ವಲ್ಪ ಸೋತರೂ ರಾಶಿ ಬೀಳುತ್ತದೆ. ಥೈರಾಯ್ಡ್ ಕಡಿಮೆಯಾದರೂ, ಸಿಗರೇಟು ಸೇದಿದರೂ ಏರುತ್ತದೆ. ಇನ್ನು, ರಕ್ತನಾಳದ ಕಾಯಿಲೆ ಇರುವವರಲ್ಲಿ ಕಿಡ್ನಿಯೂ ಒಂದಿಷ್ಟು ಸೋತಿರುವುದು ಸಾಮಾನ್ಯ. ಹಾಗಾಗಿ ಹಾರ್ಟ್ ಅಟ್ಯಾಕ್ ಆದವರಲ್ಲಿ ಮುಸುರೆ ರಾಶಿ ಕಂಡರೆ, ಆ ರಾಶಿಯೇ ಮನೆ ಬೀಳಿಸಿತು ಅಂತ ಹೇಳಲು ಆಗುವುದಿಲ್ಲ.

ಹುಟ್ಟಿನಿಂದಲೇ ಹೋಮೋಸಿಸ್ಟೀನ್ ತುಸು ಜಾಸ್ತಿ ಇಡುವ ಒಂದು ಜೀನ್ ವ್ಯತ್ಯಾಸವೂ ಇದೆ, ಎಂಟಿಎಚ್‌ಎಫ್‌ಆರ್ ಅಂತ. ಹೋಮೋಸಿಸ್ಟೀನೇ ಅಪರಾಧಿಯಾಗಿದ್ದರೆ ಅಂಥವರಲ್ಲಿ ಹಾರ್ಟ್ ಅಟ್ಯಾಕ್ ಎದ್ದು ಕಾಣುವಷ್ಟು ಜಾಸ್ತಿ ಇರಬೇಕಿತ್ತು. ದೊಡ್ಡ ಲೆಕ್ಕಾಚಾರಗಳಲ್ಲಿ ಹಾಗೆ ಕಾಣಲಿಲ್ಲ. ಈ ಜೀನ್ ಪರೀಕ್ಷೆ ಮಾಡಿಸಿ ಅಂತ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ.

ಹಾಗಾದರೆ ಮೆಕ್‌ಕಲಿ ಹೇಳಿದ್ದು ಸುಳ್ಳಾ? ಅಲ್ಲ. ಹೋಮೋಸಿಸ್ಟಿನ್ಯೂರಿಯಾದಲ್ಲಿ ಅದು 100 ದಾಟಿ ಹೋಗುತ್ತದೆ. ಅಲ್ಲಿ ಅದು ನಿಜಕ್ಕೂ ರಕ್ತನಾಳಕ್ಕೆ ವಿಷ. ಚಿಕಿತ್ಸೆ ಕೊಟ್ಟು ಇಳಿಸಿದರೆ ಆ ಮಕ್ಕಳು ಉಳಿಯುತ್ತಾರೆ. ಲಕ್ವದ ವಿಷಯದಲ್ಲೂ ಅವರ ಮಾತಿಗೆ ಒಂದಿಷ್ಟು ಆಧಾರ ಸಿಕ್ಕಿದೆ. ಚೀನಾದಲ್ಲಿ ಬಿಪಿ ಇದ್ದ 20,702 ಮಂದಿಗೆ ಬಿಪಿ ಮಾತ್ರೆ ಕೊಟ್ಟು, ಅರ್ಧದಷ್ಟು ಜನಕ್ಕೆ ಅದರ ಜೊತೆ ಫೋಲಿಕ್ ಆ್ಯಸಿಡ್ ಕೊಟ್ಟರು. ಮೊದಲ ಸಲ ಲಕ್ವ ಹೊಡೆಯುವುದು 3.4%ರಿಂದ 2.7%ಕ್ಕೆ ಇಳಿಯಿತು ಅಂತ 2015ರಲ್ಲಿ ವರದಿಯಾಯಿತು. ಅಲ್ಲಿ ಅಮೆರಿಕದ ಹಾಗೆ ಹಿಟ್ಟಿಗೆ ಫೋಲಿಕ್ ಆ್ಯಸಿಡ್ ಬೆರೆಸುವುದಿಲ್ಲ, ಜನರಲ್ಲಿ ಅದರ ಕೊರತೆ ಇತ್ತು. ಕೊರತೆ ಇದ್ದ ಕಡೆ ತುಂಬಿದರೆ ಉಪಯೋಗ ಇದೆ, ತುಂಬಿದ ಕೊಡಕ್ಕೆ ಸುರಿದರೆ ಇಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ.

ಮೆಕ್‌ಕಲಿ ಎಡವಿದ್ದು, ನನ್ನ ಲೆಕ್ಕದಲ್ಲಿ, ಕೊಲೆಸ್ಟ್ರಾಲ್ ವಿಷಯದಲ್ಲಿ. ಅದು ಮೂಲ ಕಾರಣ ಅನ್ನುವುದನ್ನು ಒಪ್ಪದೆ ವಯಸ್ಸಾದ ಮೇಲೂ ಅವರು ಬರೆದರು. 2025ರ ಫೆಬ್ರವರಿಯಲ್ಲಿ, 91ನೇ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ಅನ್ಯಾಯ ಆಗಿದ್ದು ಹೌದು. ಆದರೆ ಅನ್ಯಾಯ ಆದವರು ಹೇಳಿದ್ದೆಲ್ಲ ಸರಿ ಅಂತ ಆಗುವುದಿಲ್ಲವಲ್ಲ. ವಿಡಿಯೋ ಮಾಡುವವರು ಜಾರುವುದು ಇಲ್ಲೇ.

ಹೋಮೋಸಿಸ್ಟೀನ್ ಸೋತ ಪರೀಕ್ಷೆಗಳಲ್ಲೆಲ್ಲ ಎಲ್‌ಡಿಎಲ್ ಕೊಲೆಸ್ಟ್ರಾಲ್ ಸಿಕ್ಕಿಬಿದ್ದಿದೆ. ಹುಟ್ಟಿನಿಂದ ಎಲ್‌ಡಿಎಲ್ ವಿಪರೀತ ಇರುವ ಮನೆತನಗಳಲ್ಲಿ ಮೂವತ್ತು ನಲವತ್ತಕ್ಕೇ ಬ್ಲಾಕ್ ಬರುತ್ತದೆ. ಅದರ ಒಳಗುಟ್ಟು ಬಿಡಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೈನ್ ಅವರಿಗೆ 1985ರಲ್ಲಿ ನೊಬೆಲ್ ಸಿಕ್ಕಿತು. ಇದರ ತದ್ವಿರುದ್ಧವೂ ಇದೆ. ಪಿಸಿಎಸ್‌ಕೆ9 ಎಂಬ ಜೀನ್ ಕೆಟ್ಟು, ಹುಟ್ಟಿನಿಂದ ಎಲ್‌ಡಿಎಲ್ 28% ಕಡಿಮೆ ಇದ್ದ ಆಫ್ರಿಕನ್ ಅಮೆರಿಕನ್ನರಲ್ಲಿ ಹೃದಯದ ರಕ್ತನಾಳದ ಕಾಯಿಲೆ 88% ಕಡಿಮೆ ಇತ್ತು. ಇದು 2006ರ ವರದಿ. ಮಾತ್ರೆ ಕೊಟ್ಟು ಇಳಿಸಿದರೂ ಅಷ್ಟೇ. 1994ರಲ್ಲಿ ಸ್ಕ್ಯಾಂಡಿನೇವಿಯಾದ 4,444 ಹೃದ್ರೋಗಿಗಳಲ್ಲಿ ಅಟೊರ್ವಾಸ್ಟಾಟಿನ್ ಥರದ್ದೇ ಸ್ಟಾಟಿನ್ ಮಾತ್ರೆಯಾದ ಸಿಮ್ವಾಸ್ಟಾಟಿನ್ ಸಾವನ್ನೇ 30% ಇಳಿಸಿತು. ನಿಮಗೆ ಇನ್ನೂ ಹತ್ತಿರದ್ದು ಬೇಕಾದರೆ 2004ರದ್ದು ನೋಡಿ. ಹಾರ್ಟ್ ಅಟ್ಯಾಕ್ ಆಗಿರದ, ಶುಗರ್ ಇದ್ದ 2,838 ಮಂದಿಯಲ್ಲಿ ಬರೀ 10 ಮಿಲಿಗ್ರಾಂ ಅಟೊರ್ವಾಸ್ಟಾಟಿನ್ ಹೃದಯದ ದೊಡ್ಡ ತೊಂದರೆಗಳನ್ನು 37% ಕಡಿಮೆ ಮಾಡಿತು. ನೀವು ಸರಿಯಾಗಿ ಆ ಗುಂಪಿನವರೇ. ಶುಗರ್ ಇದೆ, 40 ದಾಟಿದೆ, ಅಪ್ಪನಿಗೆ 52ಕ್ಕೇ ಆಗಿದೆ, ಎಲ್‌ಡಿಎಲ್ 156. ನಿಮ್ಮ ಡಾಕ್ಟರು ಆ ಮಾತ್ರೆ ಸುಮ್ನೆ ಬರೆದಿಲ್ಲ.

ಸ್ಟಾಟಿನ್‌ಗೆ ಅಡ್ಡ ಪರಿಣಾಮ ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. ಕೆಲವರಿಗೆ ತೊಡೆ, ಮೀನಖಂಡ ನೋಯುತ್ತದೆ. ಶುಗರ್ ಒಂದು ಚೂರು ಏರಬಹುದು. ಲಿವರ್‌ಗೆ ತೊಂದರೆಯಾಗುವುದು ಅಪರೂಪ. ಮೈಕೈ ನೋವು ಬಂದರೆ ಮಾತ್ರೆ ಎಸೆಯಬೇಡಿ, ಹೋಗಿ ಹೇಳಿ. ಡೋಸ್ ಇಳಿಸಬಹುದು, ಬೇರೆ ಸ್ಟಾಟಿನ್ ಕೊಡಬಹುದು.

ಈಗ ನಿಮ್ಮ 31ಕ್ಕೆ ಬರೋಣ. ಮೊದಲನೆಯದಾಗಿ ಆ ಅಂಕಿಯ ಮೇಲೇ ನನಗೆ ಸ್ವಲ್ಪ ಅನುಮಾನ. ರಕ್ತ ತೆಗೆದ ಮೇಲೂ ಟ್ಯೂಬಿನೊಳಗೆ ಕೆಂಪು ಕಣಗಳು ಹೋಮೋಸಿಸ್ಟೀನ್ ಬಿಡುತ್ತಲೇ ಇರುತ್ತವೆ. ಬೇಗ ಯಂತ್ರದಲ್ಲಿ ತಿರುಗಿಸಿ ಕಣಗಳನ್ನು ಬೇರೆ ಮಾಡಬೇಕು, ಇಲ್ಲವೇ ಐಸ್‌ನಲ್ಲಿ ಇಡಬೇಕು. ಸುಮ್ನೆ ಇಟ್ಟರೆ ಗಂಟೆಗೆ 10%ದಷ್ಟು ಏರುತ್ತಾ ಹೋಗುತ್ತದೆ. ಕ್ಯಾಂಪಿನಲ್ಲಿ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಶಾಮಿಯಾನದ ಕೆಳಗೆ ಬೆಳಿಗ್ಗೆ ಏಳಕ್ಕೆ ತೆಗೆದ ಟ್ಯೂಬು ಸ್ಟ್ಯಾಂಡಿನಲ್ಲೇ ನಿಂತಿರುತ್ತದೆ, ಕೊನೆಯವರ ರಕ್ತ ತೆಗೆದು ಭಾಷಣ ಮುಗಿದ ಮೇಲೆ ಎಲ್ಲ ಒಟ್ಟಿಗೆ ಲ್ಯಾಬಿಗೆ ಹೊರಡುತ್ತದೆ. ನಿಮ್ಮ 31 ನಿಜಕ್ಕೂ 22 ಇರಬಹುದು. 15ರೊಳಗಿದ್ದರೆ ಸಾಮಾನ್ಯ. ಹಾಗಾಗಿ ಏರಿರುವುದಂತೂ ಹೌದೇನೋ, ಎಷ್ಟು ಅನ್ನುವುದು ಬೇರೆ ಮಾತು.

ಏರಲು ಕಾರಣ ನಿಮ್ಮ ರಿಪೋರ್ಟಿನಲ್ಲೇ ಇದೆ, ಬಿ12 148, ಅಂದರೆ ಕಡಿಮೆ. ಇದು ನಿಮ್ಮೊಬ್ಬರ ಕಥೆಯಲ್ಲ. ಪುಣೆಯಲ್ಲಿ ಹಳ್ಳಿ, ಕೊಳೆಗೇರಿ, ಮಧ್ಯಮ ವರ್ಗ ಸೇರಿಸಿ 441 ಆರೋಗ್ಯವಂತ ಗಂಡಸರನ್ನು ನೋಡಿದಾಗ 67% ಮಂದಿಯಲ್ಲಿ ಬಿ12 ಕಡಿಮೆ ಇತ್ತು, 58% ಮಂದಿಯಲ್ಲಿ ಹೋಮೋಸಿಸ್ಟೀನ್ ಜಾಸ್ತಿ ಇತ್ತು. ಗಿಡದಲ್ಲಿ ಬಿ12 ಇಲ್ಲ. ಸ್ಪಿರುಲಿನಾದಲ್ಲಿ ಇರುವುದು ನಮ್ಮ ದೇಹಕ್ಕೆ ಕೆಲಸಕ್ಕೆ ಬಾರದ ರೂಪ. ದಿನಕ್ಕೆ ಬೇಕಾಗುವುದು ಎರಡು ಮೈಕ್ರೊಗ್ರಾಂಗಿಂತ ಸ್ವಲ್ಪ ಜಾಸ್ತಿ. ದೊಡ್ಡ ಲೋಟ ಹಾಲಿನಲ್ಲಿ ಸುಮಾರು ಒಂದು ಮೈಕ್ರೊಗ್ರಾಂ ಸಿಗುತ್ತದೆ, ನಾವು ಕಾಯಿಸಿ ಕಾಯಿಸಿ ಅದನ್ನೂ ಇಳಿಸುತ್ತೇವೆ. ಅದರ ಮೇಲೆ ನಿಮ್ಮ ಮೆಟ್‌ಫಾರ್ಮಿನ್ ಕರುಳು ಬಿ12 ಹೀರಿಕೊಳ್ಳದ ಹಾಗೆ ಮಾಡುತ್ತದೆ. ದಿನಾ ಬೆಳಿಗ್ಗೆ ಗ್ಯಾಸ್ಟ್ರಿಕ್ ಮಾತ್ರೆ ನುಂಗುವ ಅಭ್ಯಾಸವೂ ಇದ್ದರೆ ಇನ್ನೂ ಕಷ್ಟ. ಹಾಗಂತ ಮೆಟ್‌ಫಾರ್ಮಿನ್ ಬಿಡಬೇಡಿ, ಒಳ್ಳೆಯ ಮಾತ್ರೆ ಅದು.

ಬಿ12 ತುಂಬಿಸಬೇಕಾದದ್ದು ಹೃದಯಕ್ಕಾಗಿ ಅಲ್ಲ, ನರಕ್ಕಾಗಿ. ನನ್ನ ಹತ್ತಿರ ಒಬ್ಬರು ನಿವೃತ್ತ ಟೀಚರ್ ಬರುತ್ತಿದ್ದರು. ಅವರೂ ಸಸ್ಯಾಹಾರಿ, ಅವರಿಗೂ ಶುಗರ್. 'ಹತ್ತಿ ಮೇಲೆ ನಡೆದ ಹಾಗೆ ಆಗುತ್ತೆ ಡಾಕ್ಟ್ರೇ' ಅನ್ನುತ್ತಿದ್ದರು. ಒಂದು ದಿನ ರೂಮಿಗೆ ಬಂದಾಗ ಒಂದೇ ಕಾಲಲ್ಲಿ ಚಪ್ಪಲಿ ಇತ್ತು. ಇನ್ನೊಂದು ಹೊರಗೆ ಬೆಂಚಿನ ಹತ್ತಿರ ಕಳಚಿ ಬಿದ್ದಿತ್ತು, ಅವರಿಗೆ ಗೊತ್ತೇ ಆಗಿರಲಿಲ್ಲ. ಶುಗರ್‌ನಿಂದ ಬಂದ ಜೋಮು ಅಂತ ಎಲ್ಲರೂ ಅಂದುಕೊಂಡಿದ್ದೆವು, ನಾನೂ ಸೇರಿ. ಆಮೇಲೆ ಕೇಳಿದರೆ, ನೆಂಟರೊಬ್ಬರು ಹೃದಯಕ್ಕೆ ಒಳ್ಳೆಯದು ಅಂತ ಹೇಳಿದ್ದಕ್ಕೆ ಎರಡು ವರ್ಷದಿಂದ ದಿನಾ ಫೋಲಿಕ್ ಆ್ಯಸಿಡ್ ಒಂದನ್ನೇ ತಗೊಂಡಿದ್ದರು. ಬಿ12 ಕೊರತೆ ಇದ್ದಾಗ ಬರೀ ಫೋಲಿಕ್ ಆ್ಯಸಿಡ್ ತಗೊಂಡರೆ ರಕ್ತಹೀನತೆ ಸರಿಹೋದ ಹಾಗೆ ಕಾಣುತ್ತದೆ. ಹಿಮೋಗ್ಲೋಬಿನ್ ಚೆನ್ನಾಗಿದೆ ಅಂತ ನಾವು ಸುಮ್ಮನಾಗುತ್ತೇವೆ. ಒಳಗೆ ನರ, ಬೆನ್ನುಹುರಿ ಸವೆಯುತ್ತಲೇ ಇರುತ್ತದೆ. ಚಿಕಿತ್ಸೆ ಕೊಟ್ಟ ಮೇಲೆ ಅವರು ಸುಧಾರಿಸಿದರು, ಪೂರ್ತಿ ಅಲ್ಲ.

ಆದ್ದರಿಂದ ಮೊದಲು ಬಿ12. ನಿಮಗೆ ಪಾದದಲ್ಲಿ ಜೋಮು ಇದ್ದರೆ ಇಂಜೆಕ್ಷನ್‌ನಿಂದ ಶುರು ಮಾಡುವುದು ಲೇಸು. ಇಲ್ಲದಿದ್ದರೆ ದಿನಕ್ಕೆ 1000ದಿಂದ 1500 ಮೈಕ್ರೊಗ್ರಾಂ ಮಾತ್ರೆ ಸಾಕು. ಅಷ್ಟು ದೊಡ್ಡ ಡೋಸ್ ಕೊಟ್ಟರೆ ಕರುಳು ಸೋತಿದ್ದರೂ ಬೇಕಾದಷ್ಟು ಒಳಗೆ ಇಳಿಯುತ್ತದೆ. ಅಂಗಡಿಯಲ್ಲಿ ಹತ್ತು ಹದಿನೈದು ವಸ್ತು ಸೇರಿಸಿದ, ಬಣ್ಣದ ಪೆಟ್ಟಿಗೆಯ 'ನರದ ಮಾತ್ರೆ' ಕೊಡಲು ಬರುತ್ತಾರೆ, ಅದು ಬೇಡ. ಅಂಥವುಗಳಲ್ಲಿ ಕೆಲವದರಲ್ಲಿ ಬಿ6 ತುಂಬ ಇರುತ್ತದೆ. ಬಿ6 ಅತಿಯಾಗಿ, ತಿಂಗಳುಗಟ್ಟಲೆ ತಗೊಂಡರೆ ಅದೇ ಜೋಮು ತರಿಸುತ್ತದೆ, ತಮಾಷೆ ನೋಡಿ. ಇನ್ನೊಂದು ಮಾತು, ಬಿ12 ಮಾತ್ರೆ ಶುರು ಮಾಡುವ ಮೊದಲು ಕಿಡ್ನಿ ಹೇಗಿದೆ ಅಂತ ಹೇಳುವ ಕ್ರಿಯಾಟಿನಿನ್ ನೋಡಿಸಿ, ಮೂತ್ರದಲ್ಲಿ ಪ್ರೊಟೀನ್ ಹೋಗುತ್ತಿದೆಯಾ ಅಂತಲೂ ನೋಡಿಸಿ. ಶುಗರ್‌ನಿಂದ ಕಿಡ್ನಿಗೆ ಪೆಟ್ಟಾಗಿದ್ದವರಿಗೆ ಕೆನಡಾದಲ್ಲಿ ಮೂರೂ ಬಿ ವಿಟಮಿನ್‌ಗಳನ್ನು ಭಾರೀ ಡೋಸಿನಲ್ಲಿ ಕೊಟ್ಟಿದ್ದರು. ಅವರ ಕಿಡ್ನಿ ಇನ್ನೂ ಬೇಗ ಸೋತಿತು ಅಂತ 2010ರಲ್ಲಿ ಗೊತ್ತಾಯಿತು. 'ವಿಟಮಿನ್ ತಾನೇ, ಏನಾಗುತ್ತೆ' ಅನ್ನುವ ಮಾತು ಅಲ್ಲಿ ನಡೆಯಲಿಲ್ಲ.

ಎರಡು ಮೂರು ತಿಂಗಳಾದ ಮೇಲೆ ಎಲ್‌ಡಿಎಲ್, ಬಿ12 ಮತ್ತೆ ನೋಡಿಸಿ. ಹೋಮೋಸಿಸ್ಟೀನ್ ಬೇಕಾದರೆ ನೋಡಿಸಿ, ಇಳಿದಿರುತ್ತದೆ. ಇಳಿದ ಖುಷಿಗೆ ಸ್ಟಾಟಿನ್ ನಿಲ್ಲಿಸಬೇಡಿ, ಅಷ್ಟೇ. ಬಿಪಿ ಎಷ್ಟು ಅಂತ ನೀವು ಬರೆದಿಲ್ಲ, ಸಿಗರೇಟಿನ ಬಗ್ಗೆಯೂ ಬರೆದಿಲ್ಲ. ಎರಡೂ ನಿಮ್ಮ 31ಕ್ಕಿಂತ ನನಗೆ ಮುಖ್ಯ.

ಮಗಳ ವಿಷಯ. ಹೋಮೋಸಿಸ್ಟಿನ್ಯೂರಿಯಾ ಬಲು ಅಪರೂಪ. ಕಣ್ಣಿನ ಮಸೂರ ಜಾರಿದ್ದರೆ, ತೀರಾ ಎತ್ತರಕ್ಕೆ ತೆಳ್ಳಗೆ ಬೆಳೆಯುತ್ತಿದ್ದು ಓದು ಹಿಂದೆ ಬಿದ್ದಿದ್ದರೆ, ಮನೆತನದಲ್ಲಿ ಮಕ್ಕಳಿಗೇ ರಕ್ತ ಹೆಪ್ಪುಗಟ್ಟಿದ್ದಿದ್ದರೆ ಅದರ ಬಗ್ಗೆ ಯೋಚಿಸಬೇಕು. ನೀವು ಅಂಥದ್ದೇನೂ ಬರೆದಿಲ್ಲ. ಆದರೆ ಅವಳೂ ನಿಮ್ಮ ಮನೆಯ ಊಟವನ್ನೇ ಮಾಡುವವಳು. ಬೆಳೆಯುವ ವಯಸ್ಸು, ತಿಂಗಳ ಮುಟ್ಟು ಬೇರೆ. ಹಿಮೋಗ್ಲೋಬಿನ್, ಬಿ12 ನೋಡಿಸಿ. ಅಜ್ಜನಿಗೆ ಚಿಕ್ಕ ವಯಸ್ಸಿಗೇ ಅಟ್ಯಾಕ್ ಆಗಿರುವುದರಿಂದ ಕೊಲೆಸ್ಟ್ರಾಲನ್ನೂ ಒಂದು ಸಲ ನೋಡಿಸಿಬಿಡಿ. ಈ ಸಲ ಇಬ್ಬರೂ ನೇರ ಲ್ಯಾಬಿಗೇ ಹೋಗಿ ರಕ್ತ ಕೊಡಿ.